ಉಂಡೆದ್ದವರ ಎಲೆ

ಬಾಳೆಹೊನ್ನೂರಿನ ಬೆಳೆಗಾರರ ಸಂಘವೊಂದರಲ್ಲಿ ಸರ್ವರ್ ನೋಡಿಕೊಳ್ಳುವವಳು ನಿಶ್ಚಿತಾ. ಚಿಕ್ಕಂದಿನಲ್ಲಿ ಮಠದ ದಾಸೋಹದಲ್ಲಿ ಎಲೆ ಎತ್ತಿ ಬೆಳೆದವಳು.

ದಿನಾ ಮೂರು ಗಂಟೆಗೆ ಅಡಿಕೆ ಧಾರಣೆ ಬಂದೊಡನೆ ಸಾವಿರಾರು ಮಂದಿ ಒಮ್ಮೆಲೇ ಸಂಘದ ವೆಬ್‌ಸೈಟಿಗೆ ನುಗ್ಗುತ್ತಾರೆ. ಒಬ್ಬೊಬ್ಬರು ಕೇಳಿದ ಪುಟವನ್ನೂ ಸರ್ವರ್ ಆಗಲೇ ಕಟ್ಟಿಕೊಡಬೇಕು. ಮೆಮೊರಿ ತುಂಬಿ ಅದು ಒದ್ದಾಡುತ್ತದೆ. ಕಾರ್ಯದರ್ಶಿ ಸೋಮನಾಥ್ ಬಂದು, “ರೀಸ್ಟಾರ್ಟ್ ಮಾಡು ಮಾರಾಯ್ತಿ” ಎನ್ನುತ್ತಾರೆ. ಮಾಡಿದರೆ ಪುಟ ನೋಡುತ್ತಿದ್ದವರೆಲ್ಲ ಅರ್ಧಕ್ಕೇ ಹೊರಬೀಳುತ್ತಾರೆ. ನಾಲ್ಕು ವರ್ಷ ಅವಳು ಇದನ್ನೇ ಮಾಡಿದಳು.

ಕಳೆದ ಸೋಮವಾರ ಮೂರು ಗಂಟೆಗೆ ಸೋಮನಾಥ್ ಬಂದು ಅದೇ ಮಾತು ಹೇಳಿದರು. ಹೊಸ ಮೆಮೊರಿ ತರಿಸುತ್ತೇನೆಂದೂ ಸೇರಿಸಿದರು.

“ಮೆಮೊರಿನೂ ಬೇಡ, ರೀಸ್ಟಾರ್ಟೂ ಮಾಡಲ್ಲ ಸಾರ್” ಎಂದಳು ನಿಶ್ಚಿತಾ. “ನೋಡಿ ಹೋದವರ ಮಾಹಿತಿನೂ ಸರ್ವರ್ ಇಡೀ ದಿನ ಹಿಡ್ಕೊಂಡು ಕೂತಿರ್ತಿತ್ತು. ಉಂಡೆದ್ದವರ ಎಲೆ ಎತ್ತದೇ ಇದ್ರೆ ಎಷ್ಟು ದೊಡ್ಡ ಹಾಲ್ ಕಟ್ಟಿದ್ರೂ ಸಾಲಲ್ಲ. ಎದ್ದು ಹೋದವರದ್ದನ್ನ ಹತ್ತು ನಿಮಿಷಕ್ಕೆ ಅಳಿಸೋ ಹಾಗೆ ಬೆಳಿಗ್ಗೆನೇ ಸೆಟ್ಟಿಂಗ್ ಬದಲಾಯಿಸಿದೀನಿ.”

“ಸೆಟ್ಟಿಂಗ್ ಮುಟ್ಟಬೇಡ ಅಂತ ವೆಬ್‌ಸೈಟ್ ಮಾಡಿಕೊಟ್ಟ ಕಂಪನಿಯವರು ಹೇಳಿದ್ರಲ್ಲ?”

“ಹೇಳಿದ್ರು. ಮುಟ್ಟಿದೀನಿ.”

ಸೋಮನಾಥ್ ತಮ್ಮ ಮೊಬೈಲ್ ತೆಗೆದು ನೋಡಿದರು. ಪುಟ ತಕ್ಷಣ ತೆರೆದುಕೊಂಡಿತು. ಆದರೂ ಅವರಿಗೆ ಸಮಾಧಾನವಾಗಲಿಲ್ಲ.

“ಯಾವುದಕ್ಕೂ ಒಂದ್ಸಲ ರೀಸ್ಟಾರ್ಟ್ ಮಾಡಿಬಿಡು.”

ನಿಶ್ಚಿತಾ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ ಕೈಕಟ್ಟಿ ಕೂತಳು.

“ಉಣ್ತಾ ಕೂತವರನ್ನ ನಾಲ್ಕು ವರ್ಷ ನನ್ನ ಕೈಯಲ್ಲೇ ಎಬ್ಬಿಸಿದ್ರಿ. ಇನ್ನು ಎಬ್ಬಿಸಲ್ಲ ಸಾರ್. ಬೇಕಾದ್ರೆ ಈ ಕುರ್ಚಿಯಿಂದ ನನ್ನನ್ನೇ ಎಬ್ಬಿಸಿ.”