ಹುಲಿಗೆಮ್ಮಾರೇ ಎಂಬ ಕೂಗು

ರತ್ನಾ, ಹಲವಾಗಲಿನ ಹೊಳೆಯಲ್ಲಿ ನೀನು ಮುಳುಗುತ್ತಿದ್ದಾಗ ನಮ್ಮವ್ವ ತಿರುಗಿ ನೋಡಲಿಲ್ಲ. ಅದಕ್ಕೆ ಕಾರಣ ನಾನು. ಇದು ನಿನಗೆ ಗೊತ್ತು, ನನಗೆ ಗೊತ್ತು. ಅವ್ವನಿಗೆ ಮಾತ್ರ ಇಷ್ಟು ವರ್ಷ ಗೊತ್ತಿರಲಿಲ್ಲ.

ನೀನು ನಮ್ಮ ಕೇರಿಗೆ ಬಂದಾಗ ನಿನಗೆ ಎಂಟೋ ಒಂಬತ್ತೋ. ತಂದೆ ತಾಯಿ ಲಾರಿ ಅಪಘಾತದಲ್ಲಿ ಹೋಗಿದ್ದರು. ಸಾಕುತ್ತಿದ್ದ ಅಜ್ಜಿಯೂ ತೀರಿಕೊಂಡ ಮೇಲೆ ಯಾರೋ ನಿನ್ನನ್ನು ನಮ್ಮ ಬುದ್ಧ ವಿಹಾರಕ್ಕೆ ತಂದು ಬಿಟ್ಟರು. ವಿಹಾರವೆಂದರೆ ಕೇರಿಯವರೇ ಕಟ್ಟಿಕೊಂಡ ತಗಡಿನ ಮಾಡಿನ ಕೋಣೆ, ಮುಂದೊಂದು ಅರಳಿ ಗಿಡ. ಆ ಭಾನುವಾರ ವಂದನೆ ಮುಗಿದ ಮೇಲೆ ಹಿರಿಯರು, “ಈ ಕೂಸು ಯಾರ ಮನಿದೂ ಅಲ್ಲ, ಎಲ್ಲಾರ ಮನಿದು” ಅಂದರು. ಊಟ ಸರದಿಯ ಮೇಲೆ ಒಂದೊಂದು ಮನೆಯಲ್ಲಿ. ಮಲಗುವುದು ಮಾತ್ರ ನಮ್ಮಲ್ಲಿ — ಅವ್ವ ಹಟ ಹಿಡಿದು ಕರೆತಂದಿದ್ದಳು.

ನಾನಾಗ ಹರಪನಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದೆ. ಅಪ್ಪನಿಲ್ಲದ ಮನೆಯಲ್ಲಿ ಅವ್ವ ನನಗೊಬ್ಬಳಿಗೇ ಎಂದುಕೊಂಡು ಬೆಳೆದವಳು. ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ನೀನು, “ಅವ್ವಾ ಸಾಕು, ಕಣ್ಣಿಗೆ ಇಳೀತೈತಿ” ಅಂದೆ. ಬಾಯಿ ತಪ್ಪಿ ಬಂದ ಮಾತು. ಅವ್ವನ ಕೈ ಹಾಗೆಯೇ ನಿಂತಿತು. ಆಮೇಲೆ ಅವಳು ನಕ್ಕ ನಗೆ — ನಾನು ಫಸ್ಟ್ ಕ್ಲಾಸ್ ಬಂದಾಗಲೂ ಅದನ್ನು ನೋಡಿರಲಿಲ್ಲ.

ಅವತ್ತೇ ಅರಳಿ ಗಿಡದ ಹಿಂದೆ ನಿನ್ನನ್ನು ನಿಲ್ಲಿಸಿ ಹೇಳಿದೆ: “ಉಂಡ ಮನ್ಯಾಗೆಲ್ಲ ಅವ್ವ ಅಂತಾರೇನಲೇ? ಆಕಿ ನಮ್ಮವ್ವ. ನೀನು ಊರವರಂಗ ಹುಲಿಗೆಮ್ಮಾರೇ ಅನ್ನು. ಇನ್ನೊಮ್ಮಿ ಅವ್ವ ಅಂದ್ರ ನಮ್ಮ ಮನ್ಯಾಗ ಜಾಗಿಲ್ಲ.”

ನೀನು ಅಳಲಿಲ್ಲ. “ಹೂನ್ರಿ ಅಕ್ಕಾರೇ” ಅಂದೆ.

ಅದಾದ ಕೆಲವೇ ದಿನಕ್ಕೆ, ಬುದ್ಧ ಪೂರ್ಣಿಮೆಗೆ ಮುಂಚೆ, ವಿಹಾರದ ಜಮಖಾನ ಒಗೆಯಲು ಹೆಂಗಸರೆಲ್ಲ ಹೊಳೆಗೆ ಹೋದೆವು. ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ತೇಲಿಹೋದ ಬಟ್ಟೆಯ ಹಿಂದೆ ಹೋದ ನೀನು ಅಂಥದೊಂದು ಗುಂಡಿಯಿಂದ ಕೂಗಿದೆ — “ಹುಲಿಗೆಮ್ಮಾರೇ...”

“ತಡಿ, ಈ ತುದಿ ಹಿಂಡಿ ಬರ್ತೀನಿ” ಅಂದಳು ಅವ್ವ, ಬಗ್ಗಿದ ತಲೆ ಎತ್ತದೆ.

“ಹುಲಿಗೆಮ್ಮಾರೇ, ಬರ್ರಿ...”

“ಎಷ್ಟು ಮರ್ಯಾದಿಲೇ ಕರೀತೈತಿ ನೋಡ್ರಿ. ನಮ್ಮವೂ ಅದಾವು, ಹೆಸರಿಡಿದು ಒದರ್ತಾವು” ಅಂದಳು ಪಕ್ಕದ ಮನೆಯ ದುರುಗಮ್ಮ. ಎಲ್ಲರೂ ನಕ್ಕರು.

‘ಯವ್ವಾ’ ಎಂದಿದ್ದರೆ ಆ ದಡದಲ್ಲಿದ್ದ ಅಷ್ಟೂ ತಾಯಂದಿರು ಒಗೆಯುವುದನ್ನು ಬಿಟ್ಟು ಓಡುತ್ತಿದ್ದರು. ಎಡವಿದರೂ, ಸುಟ್ಟುಕೊಂಡರೂ, ಚೇಳು ಕಂಡರೂ ನಮ್ಮ ಬಾಯಲ್ಲಿ ಬರುವುದು ಆ ಒಂದೇ ಕೂಗು. ನಿನ್ನ ಬಾಯಿಂದ ಅದನ್ನೇ ನಾನು ಕಿತ್ತುಕೊಂಡಿದ್ದೆ. ಬಂಡೆಯ ಮೇಲೆ ಕೂತಿದ್ದ ನಾನು ತಿರುಗಿದಾಗ ನೀರಿನ ಮೇಲೆ ನಿನ್ನ ಒಂದು ಕೈ ಮಾತ್ರ ಕಂಡಿತು. ನನಗೆ ದನಿ ಬರಲಿಲ್ಲ — ಇವತ್ತಿಗೂ ಕೊಡ ತುಂಬುವ ಸದ್ದು ಕೇಳಿದರೆ ಆ ಕೈ ಕಾಣುತ್ತದೆ. ಆಚೆ ದಡದಲ್ಲಿ ಕುರಿಗೆ ನೀರು ಕುಡಿಸುತ್ತಿದ್ದವನೊಬ್ಬ ಕೂಗುತ್ತಾ ಹಾರಿ, ಕಂಬಳಿ ಎಸೆದು ನಿನ್ನನ್ನು ಎಳೆದ.

ಅವ್ವ ನಿನ್ನನ್ನು ಮಡಿಲಿಗೆ ಹಾಕಿಕೊಂಡು ಬಡಿದಳು, ಅತ್ತಳು. “ಯವ್ವಾ ಅಂತ ಒಂದು ಕೂಗು ಹಾಕಬಾರದಾ? ಅಮ್ಮಾರ ಗಿಮ್ಮಾರ ಅಂತ ಯಾಕ ಕರದೀ?”

ನೀನು ನನ್ನ ಕಡೆ ನೋಡಿದೆ. ನಾನೇ ಹೇಳಿದೆ: “ಗಾಬರಿಗೆ ಏನೋ ಅಂದೈತಿ, ಬಿಡವ್ವ.”

ಆ ಸುಳ್ಳಿನ ಮೇಲೆ ಇಷ್ಟು ಕಾಲ ಕಳೆದೆ. ವಂದನೆಯಲ್ಲಿ ಪಂಚಶೀಲ ಹೇಳುವಾಗ ನಾಲ್ಕನೆಯದು — ಸುಳ್ಳಾಡೆನು ಎಂಬುದು — ಬಂದರೆ ನಾನು ತುಟಿ ಮಾತ್ರ ಆಡಿಸುತ್ತೇನೆ, ನೀನು ಗಮನಿಸಿರಬಹುದು. ಈಗ ನೀನು ಹಡಗಲಿಯಲ್ಲಿ ನರ್ಸ್. ಭಾನುವಾರ ಬಂದರೆ ಯಾರ ಮನೆಯಲ್ಲಿ ಉಣ್ಣಬೇಕೆಂದು ಕೇರಿಯವರು ಇನ್ನೂ ಜಗಳಾಡುತ್ತಾರೆ. ನಮ್ಮ ಹೊಸ್ತಿಲಲ್ಲಿ ನಿಂತು ನೀನು ಈಗಲೂ, “ಹುಲಿಗೆಮ್ಮಾರೇ, ಅದೀರೇನ್ರಿ?” ಅನ್ನುತ್ತೀ.

ನಿನ್ನ ಮದುವೆ ಗೊತ್ತಾದ ದಿನ ಅವ್ವ ಅಕ್ಕಿ ಆರಿಸುತ್ತಾ, “ಮದಿವಿ ದಿನಾರ ಒಮ್ಮಿ ಅವ್ವ ಅಂತಾಳೇನು?” ಅಂದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

ಮೊರ ಕೆಳಗಿಟ್ಟಳು. ನನ್ನ ಕಡೆ ತಿರುಗಿ ಕೇಳಿದಳು: “ಮುಳುಗಾವಾಗೂ ಆಕಿ ನಿನ್ನ ಮಾತು ಮೀರಲಿಲ್ಲೇನು?”

ಆಮೇಲೆ ನನ್ನೊಡನೆ ಮಾತಾಡಿಲ್ಲ.

ಇನ್ನು ಮೇಲೆ ಅವ್ವ ಅನ್ನು ಎಂದು ನಾನು ಹೇಳುವುದಿಲ್ಲ, ರತ್ನಾ. ಅಪ್ಪಣೆ ಕೊಡಲು ಆ ಮಾತು ನನ್ನದಾಗಿರಲಿಲ್ಲ. ಈ ಭಾನುವಾರ ನಾಲ್ಕನೆಯ ಶೀಲಕ್ಕೆ ಮುಂಚೆ ಎದ್ದು ನಿಂತು ಇದನ್ನು ಎಲ್ಲರೆದುರು ಹೇಳುತ್ತೇನೆ. ಅವ್ವ ಎಂದಿನಂತೆ ಮುಂದಿನ ಜಮಖಾನದ ಮೇಲೆ ಕೂತಿರುತ್ತಾಳೆ. ಅವಳ ಪಕ್ಕದಲ್ಲಿ ನಾನು ಕೂರುವುದಿಲ್ಲ, ಆ ಜಾಗ ಖಾಲಿ ಇರುತ್ತದೆ.