ಕಡಲ ದಂಡೆಯಲ್ಲಿ ಕನ್ನೊಳ್ಳಿಯ ಆಹೇರಿ

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಮೇರಿಬಾಯಿಯ ಹಳೆಯ ಕಾರಿನಲ್ಲಿ ನಾವು ನಾಲ್ವರು ಹೊರಟೆವು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರಿನಲ್ಲಿ, ಕಡಲ ದಂಡೆಯ ಮೇಲೆ, ಶನಿವಾರ ಮತ್ತು ರವಿವಾರ ಸಂಗೀತದ ಉತ್ಸವ. ದೂರ ನಮ್ಮ ಅಳತೆಯಲ್ಲಿ ಸಿಂದಗಿಯಿಂದ ಬಿಜಾಪುರಕ್ಕೆ ಹೋಗಿ ಮರಳಿ ಬಂದಷ್ಟು. ಆ ದೇಶಕ್ಕೆ ಯುರೋ ನೋಟು ಹೊಸದಾಗಿ ಬಂದಿದ್ದ ಕಾಲ. ತಲೆಗೆ ಮೂವತ್ತು ಯುರೋದ ಟಿಕೆಟ್ಟು. ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ನೋಡಿ ಎದೆ ಧಸಕ್ಕೆಂದಿತು. ತೆಗೆಸಿದವಳು ಮೇರಿಬಾಯಿ.

ಮೇರಿ ಎಂಬುದು ಆಕೆಯ ಹೆಸರು. ಬಾಯಿ ಎಂದು ಸೇರಿಸಿಕೊಂಡವರು ನಾನು ಮತ್ತು ನಮ್ಮ ಜಿಲ್ಲೆಯದೇ ಇಂಡಿ ತಾಲೂಕಿನ ರಫೀಕ. ಯುವ ರೈತರ ವಿನಿಮಯ ಕಾರ್ಯಕ್ರಮದಲ್ಲಿ ಮೂರು ತಿಂಗಳು ಆಕೆಯ ಹೈನದ ಹೊಲದಲ್ಲಿದ್ದು ಕೆಲಸ ಕಲಿಯಲು ಹೋಗಿದ್ದೆವು. ರಫೀಕನ ಮನೆಯವರದು ಲಿಂಬೆ ತೋಟ. ನಾನು ಕನ್ನೊಳ್ಳಿಯವನು. ನಮ್ಮಪ್ಪ ಹೆಬ್ಬೆಟ್ಟಿನವನು, ನಾನು ಬಸ್ಸಿನ ಟಪ್ಪಿನ ಮೇಲೆ ಕೂತು ಸಿಂದಗಿಗೆ ಕಾಲೇಜಿಗೆ ಹೋಗಿ, ಕಬ್ಬಿಣದ ಟ್ರಂಕು ಹೊತ್ತು ಧಾರವಾಡಕ್ಕೆ ಹೋಗಿ, ಬಿ.ಎಸ್ಸಿ. ಅಗ್ರಿ ಮುಗಿಸಿದವನು. ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ಅದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಐರ್ಲೆಂಡಿನಲ್ಲೂ ಇರಲಿಲ್ಲ.

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಾಗ ಮೇರಿಬಾಯಿಯ ಮಗಳು ನೋರಾ ಚಹಾ ತರಲು ಒಳಗೆ ಹೋದಳು. ಹತ್ತೊಂಬತ್ತರ ಹುಡುಗಿ, ಮಾತು ಕಡಿಮೆ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಆಕಳುಗಳ ಮುಂದೆ ಮಾತ್ರ ದನಿ ತೆಗೆದು ಹಾಡುತ್ತಿದ್ದಳು. ಅವಳು ಬರುವುದರೊಳಗೆ ಮೇರಿಬಾಯಿ ಹಿಂದಕ್ಕೆ ತಿರುಗಿ ಹೇಳಿದಳು: "ಹೋದ ವರ್ಷ ಇದೇ ಉತ್ಸವದಲ್ಲಿ ಮೈಕಿನ ಮುಂದೆ ನಿಂತಳು, ದನಿಯೇ ಹೊರಡಲಿಲ್ಲ. ಇಳಿದು ಬಂದಳು. ಈ ಸಲವೂ ಹಾಗಾದರೆ ಮತ್ತೆ ಎಂದೂ ವೇದಿಕೆ ಹತ್ತುವುದಿಲ್ಲ ಅಂದಿದ್ದಾಳೆ. ನೀವಿಬ್ಬರೂ ಮುಂದಿನ ಸಾಲಿನಲ್ಲೇ ಕೂತಿರಿ. ಮನೆಯವರ ಮುಖ ಕಂಡರೆ ಅವಳಿಗೆ ಧೈರ್ಯ."

ಮನೆಯವರು ಎಂಬ ಮಾತು ನನಗೆ ನಾಟಿತು.

ಸಂಜೆ ಮುಟ್ಟಿದಾಗ ಕಡಲಿನಿಂದ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಮರಳದಿಬ್ಬಗಳ ಹಿಂದಿನ ಹುಲ್ಲುಗಾವಲಿನಲ್ಲಿ ನೂರಾರು ಗುಡಾರಗಳು, ಅರ್ಧಕ್ಕರ್ಧ ಮಲಗಿದ್ದವು. ನಾವಿಬ್ಬರೂ ಹೋರಿ ಕಟ್ಟುವ ಗೂಟದಂತೆ ಮೊಳೆಗಳನ್ನು ಓರೆ ಮಾಡಿ ಬಡಿದೆವು. ನಮ್ಮ ಗುಡಾರ ಅಲುಗಲಿಲ್ಲ. ಪಕ್ಕದವರು ಬಂದು ತಮ್ಮದನ್ನೂ ಬಡಿದುಕೊಡಿರೆಂದರು. ಬಡಿದು ಕೊಟ್ಟೆವು. "ಎಲ್ಲಿಯವರು?" ಎಂದು ಕೇಳಿದವರಿಗೆಲ್ಲ ನಾನು ಊರು, ತಾಲೂಕು, ಜಿಲ್ಲೆ ಸಹಿತ ಹೇಳಿದೆ. ರಾತ್ರಿ ಊಟಕ್ಕೆ ಕರಿದ ಆಲೂಗಡ್ಡೆ, ರಫೀಕನಿಗೆ ಮೀನು. ನಾನು ಆಲೂಗಡ್ಡೆಯ ಮೇಲೆ ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ, ಉದುರಿಸಿಕೊಂಡೆ. ಮೇರಿಬಾಯಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. ಪ್ರವಾಸ ಆ ರಾತ್ರಿಗೇ ಮುಗಿದಿದ್ದರೆ ಇದನ್ನು ನಾನು ಬೇರೆ ರೀತಿ ಬರೆಯುತ್ತಿದ್ದೆ.

ಶನಿವಾರ ಮಧ್ಯಾಹ್ನದವರೆಗೆ ಜಿಟಿಜಿಟಿ ಮಳೆ. ಆಮೇಲೆ ಬಿಸಿಲು ಬಿತ್ತು. ಮರಳಿನ ಮೇಲೆ ಹಲಗೆ ಜೋಡಿಸಿದ ಗಿಡ್ಡ ವೇದಿಕೆ, ಮುಂದೆ ಒಣಹುಲ್ಲಿನ ಕಟ್ಟುಗಳ ಆಸನ. ಪಿಟೀಲು, ಕೊಳಲು, ಕುಣಿತ, ಕೇಕೆ. ನಾಲ್ಕು ಗಂಟೆಯ ಸುಮಾರಿಗೆ ನೋರಾ ಹೆಗಲ ಮೇಲೆ ಹಸಿರು ಶಾಲು ಹೊದ್ದು ಹತ್ತಿದಳು. ವಾದ್ಯವಿಲ್ಲ, ಒಬ್ಬಳೇ. ಕಣ್ಣು ಮುಚ್ಚಿದಳು. ಮೇರಿಬಾಯಿ ನನ್ನ ಪಕ್ಕದಲ್ಲಿ ಮುಂದಕ್ಕೆ ಬಾಗಿದಳು. ಆಮೇಲೆ ದನಿ ಬಂತು. ಅವರ ಹಳೆಯ ಭಾಷೆಯ ಹಾಡು, ತಿಳಿಯಲಿಲ್ಲ. ಆದರೆ ಕೊಟ್ಟಿಗೆಯಲ್ಲಿ ಕೇಳಿದ ಅದೇ ದನಿ.

ಒಂದು ನುಡಿ ಮುಗಿಯಿತು. ಎರಡನೆಯದೂ ಮುಗಿಯುತ್ತ ಬಂತು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಅಷ್ಟೂ ಜನ ತಲೆ ತಗ್ಗಿಸಿ ಕೂತಿದ್ದಾರೆ. ಸೀಟಿಯಿಲ್ಲ, ಕೇಕೆಯಿಲ್ಲ, ಒಬ್ಬನೂ ಏಳುತ್ತಿಲ್ಲ.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ನಾಟಕವಿರಲಿ, ಗೀಗೀ ಪದವಿರಲಿ, ಹಾಡು ಚೆನ್ನಾಗಿ ಏರಿದಾಗ ನಡುವೆಯೇ ಯಾರಾದರೂ ಎದ್ದು ಹೋಗಿ ಹಾಡುವವರ ಹೆಗಲಿಗೆ ಒಂದು ನೋಟು ಪಿನ್ನಿನಿಂದ ಚುಚ್ಚಬೇಕು. ಅದು ಆಹೇರಿ. ಕೊಟ್ಟವರ ಹೆಸರು, ಊರು ಮೈಕಿನಲ್ಲಿ ಕೂಗುತ್ತಾರೆ. ಹಾಡುವವರು ಕೈಮುಗಿದು, ಹಾಡು ನಿಂತ ಸಾಲಿನಿಂದಲೇ ಮುಂದುವರಿಸುತ್ತಾರೆ. ಎರಡು ನುಡಿಯಾದರೂ ಆಹೇರಿ ಬೀಳಲಿಲ್ಲವೆಂದರೆ ಹಾಡುವವರಿಗೆ ಅವಮಾನ. ಅದಕ್ಕಿಂತ ಹೆಚ್ಚು, ಮುಂದಿನ ಸಾಲಿನಲ್ಲಿ ಕೂತ ಅವರ ಮನೆಯವರಿಗೆ.

"ಒಬ್ಬರೂ ಏಳವಲ್ರಲೇ," ಎಂದೆ ರಫೀಕನ ಕಿವಿಯಲ್ಲಿ.

"ಹೌದಲೇ, ನಾನೂ ಅದನ್ನ ನೋಡಾಕತ್ತೇನಿ. ತೂಕಡಿಸ್ತಾರೇನು ಇವ್ರು?"

"ಪಾಪ, ಹುಡುಗಿ ಮೋತಿ ನೋಡು."

"ಅವರ ಮನಿ ಅನ್ನ ತಿಂದೇವಿ, ಸುಮ್ನ ಕುಂದ್ರೂದು ಚಲೋ ಅಲ್ಲ. ನೀ ಹೋಗು. ನಿಂದ ಇಂಗ್ಲಿಷ್ ಚಲೋ ಐತಿ."

ನನ್ನ ಅಂಗಿಯ ಒಳಕಿಸೆಗೆ ಅವ್ವ ನೂರು ರೂಪಾಯಿಯ ನೋಟೊಂದನ್ನು ಪಿನ್ನು ಹಾಕಿ ಭದ್ರ ಮಾಡಿ ಕಳಿಸಿದ್ದಳು. ಯುರೋ ಬೇಡ, ನಮ್ಮೂರ ಆಹೇರಿ ನಮ್ಮ ನೋಟಿನಲ್ಲೇ ಇರಲಿ ಎನಿಸಿತು. ನೋಟು, ಪಿನ್ನು ಬಿಚ್ಚಿಕೊಂಡು ವೇದಿಕೆ ಹತ್ತಿದೆ. ನುಡಿ ಮುಗಿಯುವವರೆಗೆ ಕಾದೆ; ಅಷ್ಟು ರೀತಿ ನನಗೆ ಗೊತ್ತಿತ್ತು. ಅವಳು ಮೂರನೆಯ ನುಡಿಯ ಮೊದಲ ಸಾಲಿಗೆ ಉಸಿರು ತೆಗೆದುಕೊಳ್ಳುವಾಗ ಮೈಕಿಗೆ ಬಾಯಿ ಕೊಟ್ಟು, ಕಾಲೇಜಿನ ಭಾಷಣ ಸ್ಪರ್ಧೆಯ ದನಿಯಲ್ಲಿ, ಸ್ವಚ್ಛ ಇಂಗ್ಲಿಷಿನಲ್ಲಿ ಸಾರಿದೆ: ಭಾರತ ದೇಶ, ಕರ್ನಾಟಕ ರಾಜ್ಯ, ಬಿಜಾಪುರ ಜಿಲ್ಲೆ, ಸಿಂದಗಿ ತಾಲೂಕು, ಕನ್ನೊಳ್ಳಿ ಗ್ರಾಮದ ವತಿಯಿಂದ ಕುಮಾರಿ ನೋರಾ ಅವರಿಗೆ ನೂರು ರೂಪಾಯಿ.

ನೋರಾ ಕಣ್ಣು ತೆರೆದಳು. ಅವಳ ಹೆಗಲಿನ ಹತ್ತಿರ ನನ್ನ ಕೈ, ಕೈಯಲ್ಲಿ ಬಾಯಿ ತೆರೆದ ಪಿನ್ನು. ಚೀರಿ ಹಿಂದೆ ಸರಿದಳು. ಆದರೂ ನಾನು ಶಾಲಿನ ಅಂಚು ಹಿಡಿದು ಚುಚ್ಚಿಯೇ ಬಿಟ್ಟೆ. ಹಿಡಿದ ಕೆಲಸ ನಡುವೆ ಬಿಡುವವನಲ್ಲ ನಾನು. ತೋಳಿಗೆ ಪಟ್ಟಿ ಕಟ್ಟಿದ ಕಾವಲಿನವನು ಓಡಿಬಂದು ನನ್ನ ರಟ್ಟೆ ಹಿಡಿದ. ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಆಮೇಲೆ ಬಹಳ ಜನ ನಕ್ಕರು. ನೋರಾ ಶಾಲಿಗೆ ತೂಗುವ ನೋಟನ್ನು ನೋಡಿದಳು, ಮೈಕಿನ ಕಡೆ ತಿರುಗಿ ಬಾಯಿ ತೆರೆದಳು. ದನಿ ಬರಲಿಲ್ಲ. ಹಿಂಬದಿಯಿಂದ ಇಳಿದು ಹೋದಳು.

"ಕುಡಿದಿದ್ದೀಯಾ?" ಕಾವಲಿನವನು ಕೇಳಿದ.

"ಜನ್ಮದಲ್ಲಿ ಮುಟ್ಟಿಲ್ಲ."

"ಮತ್ತೆ?"

ನಾನು ಮತ್ತೊಮ್ಮೆ ಸಿಂದಗಿ ತಾಲೂಕಿನಿಂದ ಶುರು ಮಾಡಿದೆ. ಮೇರಿಬಾಯಿ ಬಂದು, ಇವನು ನಮ್ಮ ಮನೆಯವನು ಎಂದು ಹೇಳಿ ಬಿಡಿಸಿಕೊಂಡಳು. ಬೈಯಲಿಲ್ಲ. "ಗುಡಾರಕ್ಕೆ ಹೋಗಿ ಏನಾದರೂ ಬಿಸಿ ಕುಡಿ," ಎಂದಳು, ಮಗಳನ್ನು ಹುಡುಕಿಕೊಂಡು ಹೋದಳು. ಬೈದಿದ್ದರೆ ನನಗೆ ಅನುಕೂಲವಿತ್ತು.

ಹೊರಗೆ ಇನ್ನೂ ಬಿಸಿಲಿರುವಾಗಲೇ ನಾನು ಗುಡಾರ ಸೇರಿ ಮುಸುಕು ಹಾಕಿಕೊಂಡೆ. ರಫೀಕ ಚಹಾ ತಂದ.

"ಸಾಹೇಬ, ತಾಲೂಕ ಹೇಳಿದಿ, ಜಿಲ್ಲಾ ಹೇಳಿದಿ. ಪೋಸ್ಟ ಆಫೀಸೊಂದ್ ಬಿಟ್ಟಿ ನೋಡು."

"ನಗಬ್ಯಾಡಲೇ. ನೀನ ಹೋಗಂದಿ."

"ಹೋಗಂದೆ. ಮೈಕ್ ಹಿಡಿ ಅಂದಿದ್ನೇನು?" ಎಂದ. ಲೋಟ ನನ್ನ ಕೈಗಿಟ್ಟು, "ನಗದ ಏನ್ ಮಾಡ್ಲಿ? ನಾನೂ ಡಿಗ್ರಿ ಮಾಡಿದಾಂವನ. ನನಗೂ ತಿಳಿಲಿಲ್ಲಲ್ಲ," ಎಂದ. ಅವನೂ ಆ ಸಂಜೆ ಹೊರಗೆ ಹೋಗಲಿಲ್ಲ. ಕಡಲಿನ ಕಡೆಯಿಂದ ಹಾಡುಗಳು ಕೇಳುತ್ತಲೇ ಇದ್ದವು.

ರವಿವಾರ ಮುಂಜಾನೆ ಮುಖ ತೊಳೆಯಲು ನಳದ ಸಾಲಿನಲ್ಲಿ ನಿಂತಿದ್ದೆ. ಕೆಂಪು ಗಡ್ಡದವನೊಬ್ಬ ನನ್ನನ್ನು ಕಂಡು ಚಹಾದ ಲೋಟ ಮೇಲೆತ್ತಿ "ಕನೋಲಿ!" ಎಂದು ಕೂಗಿದ. ಅವನ ಮಗ್ಗುಲಿನವರೂ "ಕನೋಲಿ!" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಮೋಜಿಗೆ. ಮಧ್ಯಾಹ್ನದೊಳಗೆ ಆ ದಂಡೆಯ ಮೇಲೆ ಅದೊಂದು ಕೇಕೆಯೇ ಆಯಿತು; ಯಾರೋ ಚೆಂಡು ಎಸೆಯುವಾಗ, ಯಾರೋ ನೀರಿಗೆ ಹಾರುವಾಗ, "ಕನೋಲಿ!" ನಮ್ಮಪ್ಪ ಕನ್ನೊಳ್ಳಿಯ ಗಡಿ ದಾಟಿ ಬಿಜಾಪುರಕ್ಕಿಂತ ಆಚೆ ಹೋದವನಲ್ಲ. ಅವನ ಊರಿನ ಹೆಸರನ್ನು ನಾನು ಇಷ್ಟು ದೂರ ಹೊತ್ತು ತಂದು ನಗೆಪಾಟಲು ಮಾಡಿದ್ದೆ.

ಗುಡಾರ ಬಿಚ್ಚುವಾಗ ನೋರಾ ಬಂದಳು. ನಾನು ಮೊಳೆ ಕೀಳುವುದನ್ನು ಬಿಟ್ಟು ಎದ್ದು ನಿಂತು, ಆಹೇರಿಯ ಸಂಗತಿಯನ್ನು ತಡವರಿಸುತ್ತ ಹೇಳಿದೆ. ಒಬ್ಬರೂ ಏಳದೆ ತಲೆ ತಗ್ಗಿಸಿ ಕೂತದ್ದು ನಿನಗೆ ಅವಮಾನವೆಂದು ತಿಳಿದೆ ಎಂದೆ.

ಅವಳು ಒಂದು ಮೊಳೆ ಎತ್ತಿ ಚೀಲಕ್ಕೆ ಹಾಕಿದಳು. "ನಮ್ಮಲ್ಲಿ ಹಾಡು ಒಳಗೆ ಇಳಿದಾಗ ಜನ ಹಾಗೆ ಕೂರುತ್ತಾರೆ," ಎಂದಳು. "ಆ ಮೌನ ನನಗೆ ಕೇಳಿಸುತ್ತಿತ್ತು. ಅದನ್ನೇ ಹಿಡಿದುಕೊಂಡು ಹಾಡುತ್ತಿದ್ದೆ."

ಕ್ಷಮಿಸು ಎಂದೆ.

ಅವಳು ಕೋಟಿನ ಕಿಸೆಯಿಂದ ಆ ನೋಟು ತೆಗೆದಳು. ನೀಟಾಗಿ ಮಡಿಚಿ, ಪಿನ್ನಿನ ಬಾಯಿ ಮುಚ್ಚಿ, ನನ್ನ ಕೈಯಲ್ಲಿಟ್ಟಳು. "ಊರಿಗೆ ಹೋದಾಗ ಬೇಕಾಗುತ್ತದೆ, ಇಟ್ಟುಕೊ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು.

ರಫೀಕ ಮುಖ ಆಚೆ ತಿರುಗಿಸಿದ. ನಮ್ಮಲ್ಲಿ ಆಹೇರಿ ಮರಳಿ ಕೊಡುವುದೆಂದರೆ ಸಂಬಂಧ ಹರಿದುಕೊಂಡಂತೆ. ಅಣ್ಣತಮ್ಮಂದಿರೂ ಅದಾದ ಮೇಲೆ ಮಾತಾಡುವುದಿಲ್ಲ. ಅವಳಿಗೆ ಅದು ಗೊತ್ತಿಲ್ಲ. ಹೇಳುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನಮ್ಮ ರೀತಿ ರಿವಾಜನ್ನು ಆ ಹುಡುಗಿಗೆ ಮತ್ತೊಮ್ಮೆ ಕಲಿಸುವ ಹಕ್ಕು ನನಗಿರಲಿಲ್ಲ. ಎರಡೂ ಕೈಯಿಂದ ತೆಗೆದುಕೊಂಡೆ.

ಮಧ್ಯಾಹ್ನ ಹೊರಟೆವು. ಮೇರಿಬಾಯಿ ಕಾರು ಓಡಿಸುತ್ತಿದ್ದಳು, ನೋರಾ ಅವಳ ಪಕ್ಕದಲ್ಲಿ. ಕಡಲು ಎಡಕ್ಕೆ ಬಹಳ ದೂರ ಜೊತೆಗೆ ಬಂತು. ರಸ್ತೆ ಒಳನಾಡಿಗೆ ಹೊರಳುವ ಮುಂಚೆ ನೋರಾ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿದಳು, ಮೆಲ್ಲಗೆ ದನಿ ತೆಗೆದಳು. ಅದೇ ಹಾಡು. ಮೊದಲಿನಿಂದಲ್ಲ. ಮೂರನೆಯ ನುಡಿಯಿಂದ, ನಾನು ಮೈಕಿಗೆ ಬಾಯಿ ಕೊಟ್ಟ ಜಾಗದಿಂದ.

ರಫೀಕ ನನ್ನ ಮಣಿಕಟ್ಟು ಹಿಡಿದ, ಎಲ್ಲಿ ಏಳುತ್ತೇನೋ ಎಂಬಂತೆ. ಏಳುವುದೆಲ್ಲಿಗೆ? ಒಳಕಿಸೆಯ ನೋಟು ಎದೆಗೆ ಒತ್ತುತ್ತಿತ್ತು. ಅವಳು ಮೂರನೆಯದನ್ನು ಹಾಡಿದಳು, ನಾಲ್ಕನೆಯದನ್ನು ಹಾಡಿದಳು, ಕೊನೆಯ ಸಾಲನ್ನು ಎಳೆದು ನಿಲ್ಲಿಸಿದಳು. ಮೇರಿಬಾಯಿ ಗೇರು ಬದಲಿಸಿದಳು, ಅಷ್ಟೆ.

ಹಿಂದಿನ ಗಾಜಿನಲ್ಲಿ ಕಡಲು ಇನ್ನೂ ಕಾಣುತ್ತಿದ್ದಿರಬೇಕು. ನಾನು ತಿರುಗಿ ನೋಡಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ. ಹೊರಗಿನಿಂದ ಯಾರಾದರೂ ಕಂಡಿದ್ದರೆ, ನಾನೂ ಅಲ್ಲಿಯವರ ಹಾಗೆ ಹಾಡು ಕೇಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು.