ಓರೆ ಬಂದ ಚಾಸಿ

ಶ್ರೀಧರನ ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ನಿಯಮ: ಅಳತೆಯ ವಿಷಯದಲ್ಲಿ ಯಾರೂ ಸುಳ್ಳು ಹೇಳಬಾರದು. ಆ ಶನಿವಾರ ಅವನ ಗೆಳೆಯರಾದ ನಾವೆಲ್ಲ ಅದನ್ನು ಮುರಿದೆವು.

ಐರ್ಲೆಂಡಿನ ಸ್ವೋರ್ಡ್ಸ್ ಊರಿನ ತನ್ನ ಮನೆಯಲ್ಲಿ ಅವನು ಹಳೆಯ ಸ್ಪೋರ್ಟ್ಸ್ ಕಾರೊಂದರ ಪ್ರತಿರೂಪ ಕಟ್ಟುತ್ತಿದ್ದ. ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ಬೆಸೆದು, ಕಾರಿನ ತಳದ ಚೌಕಟ್ಟಾದ ಚಾಸಿಯನ್ನೂ ತಾನೇ ಮಾಡುತ್ತಿದ್ದ. ಅದು ಮುಗಿಯುವ ಮೊದಲೇ ಕಾಯಿಲೆ ಬಂತು. ವಾಸಿಯಾಗುವಂಥದ್ದಲ್ಲ ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಂದು ಹಟ ಹಿಡಿದು ಕೊನೆಯ ಅಡ್ಡಕೊಳವೆಯನ್ನು ತಾನೇ ವೆಲ್ಡ್ ಮಾಡಿದ. ಕೈ ನಡುಗುತ್ತಿತ್ತು. ಚೌಕಟ್ಟು ನೇರವಾಗಿದ್ದರೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಅಳತೆ ಒಂದೇ ಬರಬೇಕು. ಬರಲಿಲ್ಲ. ಆಫೀಸಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ವರದಿ ವಾಪಸ್ ಕಳಿಸುವ ನಾನು, ಟೇಪಿನ ಅಂಕೆಯ ಮೇಲೆ ಹೆಬ್ಬೆರಳಿಟ್ಟು, "ಸರಿಯಾಗಿದೆ" ಎಂದೆ.

"ಗ್ರ್ಯಾಂಡ್ ಕಣೋ!" ಎಂದು ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಆಡುವ ಮಾತನ್ನೇ ಆಡಿದ, ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಡಾಕ್ಟರ್ ಮೂರ್ತಿ. ಬಗ್ಗಿ ನೋಡುತ್ತಿದ್ದ ಪಕ್ಕದ ಮನೆಯ ಐರಿಷ್ ಮುದುಕನೂ ಹೌದೆಂದು ತಲೆಯಾಡಿಸಿದ.

ಶ್ರೀಧರ ನಮ್ಮ ಮುಖಗಳನ್ನೇ ನೋಡಿದ. "ಅಳತೆಯಲ್ಲೂ ಸುಳ್ಳಾ? ಅಂದ್ರೆ ನಾನು ಆಗಲೇ ಹೋದೆ ಅಂತ ಲೆಕ್ಕಾನಾ?"

ನಾನು ಟೇಪ್ ಸುತ್ತಿಕೊಳ್ಳತೊಡಗಿದೆ.

ಟೀ ತಂದಿದ್ದ ಅವನ ಹೆಂಡತಿ ಸುಧಾ ತಟ್ಟೆ ಕೆಳಗಿಟ್ಟು, ನನ್ನ ಕೈಯಿಂದ ಟೇಪ್ ಕಿತ್ತುಕೊಂಡು, ತಾನೇ ಎರಡೂ ಕಡೆ ಅಳೆದಳು.

"ಆರು ಮಿಲಿಮೀಟರ್ ಓರೆ ಬಂದಿದೆ ರೀ. ಇಷ್ಟು ಕೆಟ್ಟದಾಗಿ ನೀವು ಯಾವತ್ತೂ ಮಾಡಿರ್ಲಿಲ್ಲ. ಈಗ ಕತ್ತರಿಸಿ ತೆಗೀರಿ, ನಾಳೆ ಮತ್ತೆ ಮಾಡುವಿರಂತೆ."

ಉಕ್ಕು ಕತ್ತರಿಸುವ ಗ್ರೈಂಡರ್ ಎತ್ತಿ ಅವನ ಕೈಗಿಟ್ಟಳು. ಅದು ನಡುಗದಂತೆ ತಾನೂ ಹಿಡಿದುಕೊಂಡಳು.